ಗಾಳಿಯಲ್ಲಿ ನೀರು, ಮೈಯಲ್ಲಿ ಭಾರ: ತೇವದ ದಿನಗಳ ಆಯಾಸಕ್ಕೆ ಚೀನೀ ವೈದ್ಯ ಹೇಳುವ ದಾರಿ

ಚೀನಾದ ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಗೋಡೆಗಳು ಬೆವರುತ್ತವೆ. ದಕ್ಷಿಣ ಚೀನಾ ಸಮುದ್ರದ ಬೆಚ್ಚನೆಯ ಗಾಳಿ ಒಳನುಗ್ಗಿ, ಚಳಿಗಾಲದಲ್ಲಿ ತಣ್ಣಗಾದ ನೆಲ, ಗೋಡೆ, ಕನ್ನಡಿಗಳಿಗೆ ತಗುಲಿ ಹನಿಗಟ್ಟುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅಲ್ಲಿನವರು ಈ ದಿನಗಳನ್ನು 'ಹುಯಿ ನಾನ್ ತಿಯೆನ್' ಎನ್ನುತ್ತಾರೆ. ಅದು ಮುಗಿದು ಜೂನ್‌ಗೆ ಬಂದರೆ ಯಾಂಗ್‌ಟ್ಸೆ ಕಣಿವೆಯ ಶಾಂಘಾಯ್, ಸುಝೌ, ವುಹಾನ್ ಕಡೆಗಳಲ್ಲಿ 'ಮೇಯು' ಮಳೆ ಹಿಡಿಯುತ್ತದೆ. ಪ್ಲಮ್ ಹಣ್ಣಾಗುವ ಹೊತ್ತಿನ ಜಡಿಮಳೆ ಅದು. ಅದರ ಬೆನ್ನಿಗೇ ಜುಲೈ ನಡುವಿನಿಂದ ಮೂವತ್ತೋ ನಲವತ್ತೋ ದಿನ 'ಸಾನ್‌ಫು' ಎಂಬ ಕಡುಸೆಖೆ.

ಈ ಮೂರೂ ಕಾಲದಲ್ಲಿ ಜನರ ದೂರು ಒಂದೇ. ಎಂಟು ಗಂಟೆ ಮಲಗಿದರೂ ನಿದ್ದೆ ಮುಗಿದಿಲ್ಲ ಅನ್ನಿಸುತ್ತದೆ, ಕೈಕಾಲು ಎತ್ತಲಾಗದಷ್ಟು ಭಾರ, ತಲೆಗೆ ಏನೋ ಸುತ್ತಿಟ್ಟ ಹಾಗೆ, ಊಟವಾದ ಕೂಡಲೇ ಕಣ್ಣು ಮುಚ್ಚುತ್ತದೆ, ಹೊಟ್ಟೆ ಉಬ್ಬರ. ಸಿಂಗಪುರದಲ್ಲೋ ಹಾಂಗ್‌ಕಾಂಗ್‌ನಲ್ಲೋ ನೆಲೆಸಿದ ಕನ್ನಡಿಗರು ಇದಕ್ಕೆ ಅಲ್ಲಿನ ಸಹೋದ್ಯೋಗಿಗಳು ಕೊಡುವ ಕಾರಣವನ್ನು ಕೇಳಿಯೇ ಇರುತ್ತಾರೆ: 'ನಿನ್ನ ಮೈಯಲ್ಲಿ ತೇವ ಜಾಸ್ತಿಯಾಗಿದೆ.' ಅದರ ಹಿಂದೆಯೇ ಸಲಹೆಗಳ ಸುರಿಮಳೆ. ಈ ಕಾಳು ಕುದಿಸಿ ಕುಡಿ, ಆ ಕಷಾಯದಂಗಡಿಗೆ ಹೋಗು, ಬೆನ್ನಿಗೆ ಚರ್ಮ ಹೀರಿ ಹಿಡಿಯುವ ಬಟ್ಟಲು ಹಾಕಿಸಿಕೋ, ಅಂಗಾಲಿಗೆ ಪಟ್ಟಿ ಅಂಟಿಸು. ಈ ಸಲಹೆಗಳಲ್ಲಿ ಯಾವುದನ್ನು ಮನೆಯಲ್ಲೇ ನಿಶ್ಚಿಂತೆಯಿಂದ ಮಾಡಬಹುದು, ಯಾವುದಕ್ಕೆ ವೈದ್ಯರು ಬೇಕು, ಯಾವುದು ಬರೀ ದುಡ್ಡಿಗೆ ದಂಡ ಎಂದು ಬಿಡಿಸಿ ಹೇಳುವುದು ಈ ಲೇಖನದ ಕೆಲಸ.

ತೇವ ಅಂದರೆ ಅವರ ಲೆಕ್ಕದಲ್ಲಿ ಏನು

ಚೀನೀ ವೈದ್ಯದಲ್ಲಿ ಗಾಳಿ, ಚಳಿ, ಸೆಖೆ, ತೇವ, ಒಣಹವೆ, ಬೆಂಕಿ ಎಂಬ ಆರು ಹೊರಗಿನ ಕಾರಣಗಳಿವೆ. ಅವುಗಳಲ್ಲಿ ತೇವಕ್ಕೆ ಭಾರ, ಅಂಟು, ಕೆಳಕ್ಕೆ ಇಳಿಯುವುದು, ಬೇಗ ಬಿಟ್ಟುಹೋಗದಿರುವುದು ಎಂಬ ಗುಣಗಳನ್ನು ಹೇಳುತ್ತಾರೆ. ತೇವ ಹಿಡಿದವನ ತಲೆ ಏನನ್ನೋ ಸುತ್ತಿದಂತಾಗುತ್ತದೆ ಎಂಬ ಮಾತು ಎರಡು ಸಾವಿರ ವರ್ಷದಷ್ಟು ಹಳೆಯ 'ಹುವಾಂಗ್‌ದಿ ನೇಯ್‌ಜಿಂಗ್' ಗ್ರಂಥದಲ್ಲೇ ಇದೆ. ಊತ, ಉಬ್ಬರ, ತೇವದ ತೊಂದರೆಗಳೆಲ್ಲ ಗುಲ್ಮಕ್ಕೆ ಸೇರಿದವು ಎಂಬ ಸೂತ್ರವೂ ಅಲ್ಲಿಯದೇ. ಇಲ್ಲಿ ಗುಲ್ಮ ಎಂದರೆ ಹೊಟ್ಟೆಯ ಎಡಗಡೆ ಇರುವ, ರಕ್ತ ಸೋಸುವ ಅಂಗವನ್ನಷ್ಟೇ ನೆನೆಯಬೇಡಿ. ಉಂಡದ್ದನ್ನು ಅರಗಿಸಿ, ಸಾರವನ್ನು ಮೈಗೆ ಹಂಚಿ, ನೀರನ್ನು ಸರಿಯಾದ ಕಡೆಗೆ ಸಾಗಿಸುವ ಒಟ್ಟು ಕೆಲಸಕ್ಕೆ ಅವರು ಇಟ್ಟ ಹೆಸರು ಅದು. ಆ ಕೆಲಸ ಸೋತರೆ ನೀರು ಒಳಗೇ ನಿಂತು ತೇವವಾಗುತ್ತದೆ, ಹೊರಗೂ ತೇವವಿದ್ದರೆ ಕೆಲಸ ಇನ್ನಷ್ಟು ಸೋಲುತ್ತದೆ ಎಂಬುದು ವಾದ. ಮಳೆಗಾಲದಲ್ಲಿ ಅಗ್ನಿ ಮಂದವಾಗುತ್ತದೆ ಎನ್ನುವ ಆಯುರ್ವೇದದ ವರ್ಷಋತುಚರ್ಯೆಯನ್ನು ಬಲ್ಲವರಿಗೆ ಇದು ಹೊಸದಾಗಿ ಕೇಳಿಸದು. ಹಾಗೆಂದು ಎರಡೂ ಪದ್ಧತಿಗಳ ಔಷಧಿಗಳನ್ನು ಒಟ್ಟಿಗೆ ನುಂಗುವುದು ಬೇಡ.

ಈ ವಿಚಾರಕ್ಕೆ ದೊಡ್ಡ ತಿರುವು ಕೊಟ್ಟವನು ಲೀ ದೊಂಗ್‌ಯುವಾನ್ (1180–1251). 1232ರಲ್ಲಿ ಮಂಗೋಲರು ಇಂದಿನ ಕೈಫೆಂಗ್ ನಗರಕ್ಕೆ ಮುತ್ತಿಗೆ ಹಾಕಿದಾಗ ಅವನು ಆ ಊರಿನಲ್ಲಿದ್ದ. ಮುತ್ತಿಗೆ ತೆರವಾದ ಮೇಲೂ ಜನ ಗುಂಪುಗುಂಪಾಗಿ ಸತ್ತರು. ಉಳಿದ ವೈದ್ಯರು ಅದನ್ನು ಹೊರಗಿನಿಂದ ಬಂದ ಜ್ವರವೆಂದು ಬಗೆದು ಬೆವರಿಳಿಸುವ, ಭೇದಿ ಮಾಡಿಸುವ ಮದ್ದು ಕೊಟ್ಟರು. ಲೀ ಅದನ್ನು ಒಪ್ಪಲಿಲ್ಲ. ತಿಂಗಳುಗಟ್ಟಲೆ ಹಸಿವು, ದಣಿವು, ಭಯ ಉಂಡ ದೇಹದ ಜೀರ್ಣಶಕ್ತಿಯೇ ಕುಸಿದಿದೆ, ಮೊದಲು ಅದನ್ನು ಎತ್ತಬೇಕು ಎಂದ. 1249ರ 'ಪಿ ವೇಯ್ ಲುನ್' ಎಂಬ ಅವನ ಗ್ರಂಥ ಪೂರ್ತಿ ಗುಲ್ಮ ಮತ್ತು ಜಠರದ ಮೇಲೆಯೇ ಇದೆ, ಸೆಖೆ-ತೇವದ ಕಾಲದ ಸುಸ್ತಿಗೂ ಅದರಲ್ಲಿ ಜಾಗವಿದೆ. ಇವತ್ತು ಅಂಗಡಿಗಳಲ್ಲಿ 'ತೇವ ಓಡಿಸುವ' ಪೊಟ್ಟಣ ಮಾರುವವರು ಮರೆತಿರುವುದು ಇದನ್ನೇ. ಓಡಿಸುವುದಕ್ಕೆ ಮೊದಲು ಹೊಟ್ಟೆಯ ಹೊರೆ ಇಳಿಸಬೇಕು. ಮುಂದಿನ ಹೆಜ್ಜೆಗಳ ಅನುಕ್ರಮವೂ ಅದೇ.

ಆಧುನಿಕ ವೈದ್ಯಕ್ಕೆ ಈ 'ತೇವ' ರಕ್ತಪರೀಕ್ಷೆಯಲ್ಲಿ ಸಿಗುವ ವಸ್ತುವಲ್ಲ. ಆದರೆ ತೇವದ ಹವೆಯಲ್ಲಿ ಸುಸ್ತಾಗುವುದಕ್ಕೆ ಸರಳ ಕಾರಣ ಅದರ ಬಳಿಯೂ ಇದೆ. ಬೆವರು ಆವಿಯಾದಾಗ ಮೈ ತಣಿಯುತ್ತದೆ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಬೆವರು ಆವಿಯಾಗದೆ ಸುಮ್ಮನೆ ಇಳಿಯುತ್ತದೆ. ಮೈ ತಣಿಸಲು ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ತಳ್ಳುತ್ತಿರಬೇಕು, ರಾತ್ರಿ ನಿದ್ದೆ ಆಳಕ್ಕೆ ಇಳಿಯದು, ಬೂಷ್ಟಿನಿಂದ ಮೂಗು ಕಟ್ಟುತ್ತದೆ. 2019ರಲ್ಲಿ ಒಪ್ಪಿಗೆ ಪಡೆದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಆವೃತ್ತಿಯಲ್ಲಿ ಪಾರಂಪರಿಕ ವೈದ್ಯದ ಅಧ್ಯಾಯವೊಂದು ಸೇರಿದೆ ಎಂದು ಕೆಲವರು ಬೀಗುತ್ತಾರೆ. ಅದು ಎಣಿಕೆಗೆ, ದಾಖಲೆಗೆ ಮಾಡಿಕೊಂಡ ಅನುಕೂಲ. ಚಿಕಿತ್ಸೆ ಫಲಿಸುತ್ತದೆ ಎಂಬ ಮುದ್ರೆ ಅದರಿಂದ ಬೀಳುವುದಿಲ್ಲ.

ಹೆಜ್ಜೆ 1: ಇದು ಬೇರೆ ಕಾಯಿಲೆಯಲ್ಲ ಎಂದು ಖಚಿತ ಮಾಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ, ಖಿನ್ನತೆ ಇವೆಲ್ಲ ಮಳೆಗಾಲದ ಆಯಾಸದ ವೇಷದಲ್ಲೇ ಬರುತ್ತವೆ. ಮಳೆಯ ದಿನಗಳಲ್ಲಿ ಜ್ವರದ ಜತೆ ಮೈಕೈ ನೋವಿದ್ದರೆ ಡೆಂಗಿ, ಇಲಿಜ್ವರಗಳನ್ನು ಮೊದಲು ನೆನೆಯಬೇಕು, ತೇವಕ್ಕೆಂದು ಕುದಿಸಿ ಕುಡಿಯುವ ಯಿಮಿ ಕಾಳನ್ನಲ್ಲ. ಎಲ್ಲಕ್ಕಿಂತ ಮೋಸದ ಲಕ್ಷಣ ಕಾಲಿನ ಊತ. ಚೀನೀ ವೈದ್ಯದ ಪುಸ್ತಕದಲ್ಲಿ ಅದು ತೇವದ ಗುರುತು. ಆದರೆ ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುವ ಊತ ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯೂ ಆಗಿರಬಹುದು. ಹಾಗೆಯೇ ಕಾರಣವಿಲ್ಲದೆ ತೂಕ ಇಳಿಯುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಹಳದಿಯಾಗುವುದು, ಎರಡು ದಿನ ಮೀರಿದ ಜ್ವರ, ಇವುಗಳಲ್ಲಿ ಯಾವುದೊಂದಿದ್ದರೂ ಈ ಲೇಖನ ಮಡಚಿಟ್ಟು ಆಸ್ಪತ್ರೆಗೆ ಹೋಗಿ. ಒಳ್ಳೆಯ ಚೀನೀ ವೈದ್ಯನೂ ಅದನ್ನೇ ಹೇಳುತ್ತಾನೆ.

ಹೆಜ್ಜೆ 2: ನಾಲಿಗೆ ನೋಡಿ, ಯಾವ ಬಗೆಯ ತೇವ ಎಂದು ತಿಳಿಯಿರಿ

ತೇವ ಎಂದರೆ ಎಲ್ಲರಿಗೂ ಒಂದೇ ಮದ್ದು ಎಂದುಕೊಳ್ಳುವುದು ಅಂಗಡಿಯವರ ಲೆಕ್ಕ. ವೈದ್ಯರು ಮೊದಲು ನಾಲಿಗೆ ಚಾಚಲು ಹೇಳುತ್ತಾರೆ. ನೀವೂ ನೋಡಿಕೊಳ್ಳಬಹುದು. ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೆ ಮೊದಲು, ಕಿಟಕಿಯ ಬೆಳಕಿನಲ್ಲಿ. ನಮ್ಮಲ್ಲಿ ಹಲ್ಲುಜ್ಜುವಾಗ ನಾಲಿಗೆ ಹೆರೆಯುವ ಅಭ್ಯಾಸ ಇರುವುದರಿಂದ ಒಂದು ಮಾತು: ನೋಡುವ ತನಕ ಹೆರೆಯಬೇಡಿ, ಹೆರೆದರೆ ನೋಡಬೇಕಾದದ್ದೇ ಹೋಗಿಬಿಡುತ್ತದೆ. ಬಾಯಿ ತುಸು ಸಡಿಲವಾಗಿ ತೆರೆದು ನಾಲಿಗೆಯನ್ನು ಕೆಲವೇ ಕ್ಷಣ ಚಾಚಿ. ಬಲವಂತವಾಗಿ ಹೊತ್ತುಗಟ್ಟಲೆ ಚಾಚಿದರೆ ಬಣ್ಣವೇ ಬದಲಾಗುತ್ತದೆ. ಹಿಂದಿನ ದಿನ ಬೀಟ್‌ರೂಟ್, ಅರಿಶಿನದ ಹಾಲು, ವೀಳ್ಯದೆಲೆ ಸೇವಿಸಿದ್ದರೆ ಮರುದಿನ ನೋಡಿ.

ನಾಲಿಗೆ ಪೇಲವವಾಗಿ ಊದಿಕೊಂಡು, ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡಿದ್ದು, ಮೇಲೆ ತೆಳುವಾದ ಬಿಳಿ ಪದರವಿದ್ದರೆ, ಜತೆಗೆ ಊಟದ ನಂತರ ತೂಕಡಿಕೆ, ಸಡಿಲ ಮಲ ಇದ್ದರೆ ಅದು ಗುಲ್ಮದ ನಿಶ್ಶಕ್ತಿಯ ತೇವ. ಸದಾ ಸುಸ್ತು ಎನ್ನುವವರಲ್ಲಿ ವೈದ್ಯರು ಹೆಚ್ಚಾಗಿ ಗುರುತಿಸುವುದು ಇದನ್ನು. ಪದರ ದಪ್ಪಗೆ ಹಳದಿಯಾಗಿ ಜಿಡ್ಡುಜಿಡ್ಡಾಗಿದ್ದು, ಬಾಯಿ ಕಹಿ, ಮೂತ್ರ ಗಾಢಬಣ್ಣ, ಮಲ ಅಂಟಂಟು, ಸಿಡುಕು ಇದ್ದರೆ ಉಷ್ಣದ ತೇವ. ಪದರ ದಪ್ಪ ಬಿಳಿ, ಬಾಯಾರಿಕೆಯೇ ಇಲ್ಲ, ಕೈಕಾಲು ತಣ್ಣಗೆ, ತಣ್ಣನೆಯದನ್ನು ಕುಡಿದರೆ ಹೊಟ್ಟೆ ಗುಡುಗುಟ್ಟಿ ಭೇದಿ ಆಗುತ್ತದೆ ಎಂದಾದರೆ ಶೀತದ ತೇವ. ಹಗಲಿಡೀ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಐಸ್ ಹಾಕಿದ ಪಾನೀಯ ಕುಡಿಯುವ ನಗರದವರಿಗೆ ಈ ಮೂರನೆಯ ಪಟ್ಟ ಸುಲಭವಾಗಿ ಸಿಗುತ್ತದೆ.

ಇಷ್ಟು ನೋಡಿ ನೀವೇ ವೈದ್ಯರಾಗುವುದಿಲ್ಲ. ಅವರು ನಾಡಿ ಹಿಡಿಯುತ್ತಾರೆ, ಇನ್ನೂ ಹತ್ತು ಪ್ರಶ್ನೆ ಕೇಳುತ್ತಾರೆ. ಆದರೆ ನಿಮಗೆ ಯಾವುದು ಬೇಡ ಎಂದು ತಿಳಿಯಲು ಇದು ಸಾಕು. ತಂಪಿನ ಕಷಾಯ ಉಷ್ಣದ ತೇವಕ್ಕೆ ಹೊಂದಬಹುದು, ಉಳಿದ ಎರಡಕ್ಕೆ ಕೆಡುಕು ಎಂಬುದು ಅವರದೇ ಶಾಸ್ತ್ರ.

ಹೆಜ್ಜೆ 3: ಒಂದು ವಾರ ಏನನ್ನೂ ಸೇರಿಸಬೇಡಿ, ಬಿಡಿ

ಮದ್ದಿಗಿಂತ ಮೊದಲು ಪಥ್ಯ. ಐಸ್ ನೀರು, ಫ್ರಿಜ್‌ನಿಂದ ತೆಗೆದ ಹಣ್ಣು, ಹಸಿ ತರಕಾರಿಯ ದೊಡ್ಡ ಬಟ್ಟಲು, ಹಾಲು ಮತ್ತು ಚೀಸ್, ಸಿಹಿ, ಕರಿದದ್ದು, ಮದ್ಯ ಇವೆಲ್ಲ ಅವರ ಪ್ರಕಾರ ತೇವ ಹುಟ್ಟಿಸುವಂಥವು. ಹಸಿ ತರಕಾರಿ ಆರೋಗ್ಯಕ್ಕೆ ಒಳ್ಳೆಯದು ಎಂದು ಬೆಳೆದವರಿಗೆ ಇದು ವಿಚಿತ್ರ ಅನ್ನಿಸೀತು. ತರಕಾರಿ ಬಿಡಿ ಎಂದು ಯಾರೂ ಹೇಳುತ್ತಿಲ್ಲ, ಬೇಯಿಸಿ ಅನ್ನುತ್ತಾರೆ. ಬಿಸಿ ಅಥವಾ ಉಗುರುಬೆಚ್ಚಗೆ, ಮೆತ್ತಗೆ, ಕಡಿಮೆ ಎಣ್ಣೆಯಲ್ಲಿ, ಹೊಟ್ಟೆಯಲ್ಲಿ ಇನ್ನೂ ಸ್ವಲ್ಪ ಜಾಗ ಉಳಿಯುವಷ್ಟು. ರಾತ್ರಿಯೂಟ ಮಲಗುವುದಕ್ಕೆ ಮೂರು ಗಂಟೆ ಮುಂಚೆ.

ನೀರನ್ನೇ ಕಡಿಮೆ ಕುಡಿಯಿರಿ ಎಂದು ಕೆಲವರು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಬೆವರು ಸುರಿಯುವ ಹವೆಯಲ್ಲಿ ಅದು ಅಪಾಯ. ಬಾಯಾರಿಕೆಗೆ ತಕ್ಕಂತೆ ಬೆಚ್ಚನೆಯ ನೀರು ಕುಡಿಯಿರಿ.

ನನ್ನ ಅನಿಸಿಕೆ ಕೇಳಿದರೆ, ಈ ಇಡೀ ಪದ್ಧತಿಯಲ್ಲಿ ಸಾಮಾನ್ಯರಿಗೆ ಸಿಗುವ ಲಾಭದ ಬಹುಪಾಲು ಈ ಹೆಜ್ಜೆಯಲ್ಲೇ ಇದೆ. ಸಿಹಿ, ಕರಿದದ್ದು, ಮದ್ಯ, ತಡರಾತ್ರಿಯ ಊಟ ಬಿಟ್ಟವರಿಗೆ ಹಗುರ ಅನ್ನಿಸಲು ತೇವದ ಸಿದ್ಧಾಂತ ನಿಜವಾಗಿರಲೇಬೇಕು ಎಂದೇನಿಲ್ಲ. ದುಡ್ಡಿನ ಖರ್ಚಿಲ್ಲ, ಅಡ್ಡಪರಿಣಾಮವಿಲ್ಲ. ಅದಕ್ಕೇ ಇದನ್ನು ಯಾರೂ ಜಾಹೀರಾತು ಮಾಡುವುದಿಲ್ಲ.

ಹೆಜ್ಜೆ 4: ಯಿಮಿ ಮತ್ತು ಕೆಂಪುಕಾಳಿನ ನೀರು

ಚೀನಾದಲ್ಲಿ ಯಾರನ್ನು ಕೇಳಿದರೂ ತೇವಕ್ಕೆ ಮೊದಲು ಹೇಳುವುದು ಈ ಪಾನೀಯವನ್ನು. ಹೇಳುವಷ್ಟೇ ಸಲ ತಪ್ಪಾಗಿಯೂ ಮಾಡುತ್ತಾರೆ.

ಯಿಮಿ ಎಂದರೆ ಇಂಗ್ಲಿಷಿನಲ್ಲಿ ಜಾಬ್ಸ್ ಟಿಯರ್ಸ್ ಎನ್ನುವ ಹುಲ್ಲಿನ ಕಾಳು. ನಾಗಾಲ್ಯಾಂಡ್, ಮೇಘಾಲಯದ ಗುಡ್ಡಗಳಲ್ಲೂ ಬೆಳೆಯುತ್ತಾರೆ. ಹಾಂಗ್‌ಕಾಂಗ್, ಸಿಂಗಪುರದ ಅಂಗಡಿಗಳಲ್ಲಿ ಇದರ ಚೀಟಿಯ ಮೇಲೆ 'ಬಾರ್ಲಿ' ಎಂದು ಬರೆದಿರುವುದುಂಟು. ನಮ್ಮ ಜವೆಗೋಧಿಯೇ ಇದು ಎಂದು ಮೋಸಹೋಗಬೇಡಿ. ಯಿಮಿ ಕಾಳು ದಪ್ಪ, ಗುಂಡಗೆ, ನಡುವಿನ ಸೀಳು ಅಗಲವಾಗಿ ಆಳವಾಗಿರುತ್ತದೆ. ಜವೆಯ ಕಾಳು ಚಿಕ್ಕದು, ಸೀಳು ತೆಳುಗೆರೆ. ಜವೆಯ ನೀರು ಕುಡಿದರೆ ತಪ್ಪೇನಿಲ್ಲ, ಆದರೆ ಅದು ಬೇರೆ ವಸ್ತು.

ಕೆಂಪುಕಾಳಿನಲ್ಲೂ ಎರಡು ಬಗೆ. ಸಿಹಿತಿನಿಸಿಗೆ ಹಾಕುವ ದುಂಡು ಕಾಳು ಒಂದು. ಮದ್ದಿಗೆ ಬಳಸುವ, ಉದ್ದಕ್ಕೆ ತೆಳ್ಳಗಿರುವ, ಬಿಳಿ ಕಣ್ಣು ಎದ್ದು ಕಾಣುವ 'ಚಿಶಿಯಾವೊದೌ' ಇನ್ನೊಂದು. ಇದಕ್ಕೆ ರಾಜ್ಮಾ ಬದಲಿಯಾಗುವುದಿಲ್ಲ. ಸಿಗದಿದ್ದರೆ ಬರೀ ಯಿಮಿ ಸಾಕು. ಇಲ್ಲಿ ಒಂದು ಎಚ್ಚರಿಕೆ ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಚೀನಾದ ದಕ್ಷಿಣದಲ್ಲಿ ಅರ್ಧ ಕೆಂಪು ಅರ್ಧ ಕಪ್ಪು ಬಣ್ಣದ ಕಾಳೊಂದು ಇದೇ ಹೆಸರಿನ ಗೊಂದಲದಲ್ಲಿ ಅಡುಗೆಗೆ ಬಿದ್ದು ವಿಷವಾದದ್ದುಂಟು. ಅದು ಅಕ್ಕಸಾಲಿಗರ ತಕ್ಕಡಿಯ ನಮ್ಮ ಗುಲಗಂಜಿಯೇ. ಜಗಿದು ನುಂಗಿದರೆ ಒಂದೇ ಕಾಳು ಪ್ರಾಣಕ್ಕೆ ಎರವಾಗಬಹುದು. ಹೆಸರು ನಂಬಿ ಕೊಳ್ಳಬೇಡಿ, ಕಾಳು ನೋಡಿ ಕೊಳ್ಳಿ.

ಇಬ್ಬರಿಗೆ ಅಳತೆ: ಯಿಮಿ 30 ಗ್ರಾಂ, ಕೆಂಪುಕಾಳು 30 ಗ್ರಾಂ, ಚೆನ್‌ಪಿ ಎಂಬ ಒಣ ಕಿತ್ತಳೆಸಿಪ್ಪೆಯ ಸಣ್ಣ ಚೂರು, ನೀರು ಒಂದೂವರೆ ಲೀಟರ್.

ಕೆಂಪುಕಾಳನ್ನು ಹಿಂದಿನ ರಾತ್ರಿಯೇ ನೆನೆಸಿ. ಯಿಮಿಯನ್ನು ತೊಳೆದು ನೀರು ಆರಿಸಿ, ಎಣ್ಣೆ ಹಾಕದೆ ದಪ್ಪತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ತುಸು ಉಬ್ಬಿ ನಸುಹಳದಿಯಾಗಿ ಘಮ ಬರಬೇಕು, ಹತ್ತು-ಹದಿನೈದು ನಿಮಿಷ. ಹೆಚ್ಚಿನವರು ಬಿಡುವ ಕೆಲಸ ಇದೇ. ಹಸಿ ಯಿಮಿಯ ಗುಣ ತುಸು ಶೀತ. ಹೊಟ್ಟೆ ಮೊದಲೇ ದುರ್ಬಲವಾದವರು ಅದನ್ನೇ ದಿನಾ ಕುಡಿದರೆ ಇನ್ನಷ್ಟು ಸಡಿಲವಾಗುತ್ತದೆ ಎನ್ನುತ್ತಾರೆ ವೈದ್ಯರು. ಹುರಿದರೆ ಆ ಶೀತ ಇಳಿಯುತ್ತದೆ. ಉಷ್ಣದ ತೇವದವರು ಮಾತ್ರ ಹುರಿಯದೆ ಹಾಕಬಹುದು. ಆಮೇಲೆ ಎಲ್ಲ ಒಟ್ಟು ಸೇರಿಸಿ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಿ, ಚೆನ್‌ಪಿಯನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಹಾಕಿ. ಸಕ್ಕರೆ ಬೇಡ. ಹಗಲು ಹೊತ್ತಿನಲ್ಲಿ ಬೆಚ್ಚಗೆ ಕುಡಿಯಿರಿ, ಬೆಂದ ಕಾಳನ್ನೂ ತಿನ್ನಬಹುದು. ವಾರಕ್ಕೆ ಮೂರೋ ನಾಲ್ಕೋ ಸಲ, ಎರಡು ವಾರ. ಮೂತ್ರ ಹೆಚ್ಚು ಹೋಗುವುದು ನಿರೀಕ್ಷಿತ, ಆದ್ದರಿಂದ ರಾತ್ರಿ ಬೇಡ.

ಗರ್ಭಿಣಿಯರು ಯಿಮಿ ಮುಟ್ಟಬಾರದು ಎಂಬುದು ಚೀನೀ ವೈದ್ಯದ ಹಳೆಯ ನಿಷೇಧ. ಮಲಬದ್ಧತೆ ಇರುವವರಿಗೂ, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವವರಿಗೂ ಇದು ಹೊಂದುವುದಿಲ್ಲ.

ಚೆನ್‌ಪಿಯ ಬಗ್ಗೆ ಒಂದು ಮಾತು ಸೇರಿಸದೆ ಇರಲಾರೆ. ಗ್ವಾಂಗ್‌ಡಾಂಗ್‌ನ ಶಿನ್‌ಹುಯಿ ಎಂಬಲ್ಲಿಯದು ಹೆಸರುವಾಸಿ. ಕನಿಷ್ಠ ಮೂರು ವರ್ಷ ಇಟ್ಟು ಹಳತಾದದ್ದಕ್ಕೇ ಆ ಹೆಸರು ಸಲ್ಲುತ್ತದೆ, ವರ್ಷ ಏರಿದಂತೆ ಬೆಲೆಯೂ ಏರುತ್ತದೆ. ಮನೆಯ ಕುದಿಗಷಾಯಕ್ಕೆ ಇಪ್ಪತ್ತು ವರ್ಷದ ಸಿಪ್ಪೆ ಕೊಳ್ಳುವುದು ಶೋಕಿ. ಮಾಮೂಲು ಮೂರು ವರ್ಷದ್ದು ಧಾರಾಳವಾಯಿತು.

ಹೆಜ್ಜೆ 5: ಗಂಜಿ ಮತ್ತು ಸಾರು

ನಿಶ್ಶಕ್ತಿಯ ತೇವಕ್ಕೆ ಚೀನೀ ವೈದ್ಯರು ಬರೆಯುವ ಹೆಸರಾಂತ ಮದ್ದು 'ಶೆನ್‌ಲಿಂಗ್ ಬೈಜು ಸಾನ್'. ಸೋಂಗ್ ಅರಸರ ಕಾಲದ ಸರ್ಕಾರಿ ಔಷಧಾಲಯದ ಸೂತ್ರಸಂಗ್ರಹದಿಂದ ಬಂದದ್ದು. ಜಿನ್‌ಸೆಂಗ್, ಫುಲಿಂಗ್ ಎಂಬ ಅಣಬೆ, ಬೈಜು ಬೇರು, ಜ್ಯೇಷ್ಠಮಧು, ಕಾಡುಗೆಣಸಿನ ಜಾತಿಯ ಶಾನ್‌ಯಾವೊ, ತಾವರೆಬೀಜ, ಯಿಮಿ, ಏಲಕ್ಕಿಯ ನೆಂಟನಾದ ಶಾರೆನ್, ಜಿಯೇಗೆಂಗ್ ಬೇರು ಅದರಲ್ಲಿವೆ. ಹತ್ತನೆಯದು 'ಬೈಬಿಯೆನ್‌ದೌ', ಅಂದರೆ ಬಿಳಿ ಅವರೆ. ಹೌದು, ನಮ್ಮ ಹಿತಕಿದ ಬೇಳೆಯ ಅವರೆಯ ಕುಲವೇ. ನಾವು ಚಳಿಗಾಲದಲ್ಲಿ ಕೊಬ್ಬರಿ-ಮಸಾಲೆ ಅರೆದು ಹಾಕಿ ಉಣ್ಣುವ ಈ ಕಾಳನ್ನು ಅವರು ಬೇಸಿಗೆಯ ತೇವಕ್ಕೆ, ಒಣಕಾಳಾಗಿಸಿ ಹುರಿದು, ಮಸಾಲೆಯಿಲ್ಲದೆ ಕುದಿಸಿ ಕೊಡುತ್ತಾರೆ.

ಈ ಸೂತ್ರದ ಪಥ್ಯದ ಅರ್ಧವನ್ನಷ್ಟೇ ತೆಗೆದುಕೊಂಡು ಮನೆಯಲ್ಲಿ ಗಂಜಿ ಮಾಡಬಹುದು. ಒಣ ಬಿಳಿ ಅವರೆ 20 ಗ್ರಾಂ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬೇರೆಯಾಗಿ ಪೂರ್ತಿ ಬೇಯಿಸಿಕೊಳ್ಳಿ. ಅರೆಬೆಂದ ಒಣ ಅವರೆಯಲ್ಲಿ ವಿಷಾಂಶ ಉಳಿಯುತ್ತದೆ, ವಾಂತಿ ಆಗಬಹುದು. ಅಕ್ಕಿ 80 ಗ್ರಾಂ, ಸಿಪ್ಪೆ ಮತ್ತು ಒಳಗಿನ ಕಹಿ ಹಸಿರು ಮೊಳಕೆ ತೆಗೆದ ತಾವರೆಬೀಜ ಹತ್ತು-ಹನ್ನೆರಡು, ಮೂರು ಹೋಳು ಶುಂಠಿ, ಒಂದೂಕಾಲು ಲೀಟರ್ ನೀರು ಹಾಕಿ ಅನ್ನ ಒಡೆದು ಹೂವಾಗುವ ತನಕ ಕುದಿಸಿ, ಬೆಂದ ಅವರೆ ಬೆರೆಸಿ, ಚಿಟಿಕೆ ಉಪ್ಪು. ಮಖಾನ ಮನೆಯಲ್ಲಿದ್ದರೆ ಒಂದು ಹಿಡಿ ಹಾಕಿ. ಅರಳಿಸದ ಅದರ ಒಣಬೀಜವನ್ನು 'ಛಿಯೆನ್‌ಶಿ' ಎಂದು ಅವರು ಇದೇ ಕೆಲಸಕ್ಕೆ ಬಳಸುತ್ತಾರೆ. ತೈವಾನಿನ ರಾತ್ರಿಸಂತೆಗಳ ಹೆಸರುವಾಸಿ 'ಸಿಶೆನ್' ಸಾರಿನ ಮೂಲವೂ ತಾವರೆಬೀಜ, ಛಿಯೆನ್‌ಶಿ, ಶಾನ್‌ಯಾವೊ, ಫುಲಿಂಗ್ ಎಂಬ ನಾಲ್ಕೇ. ಅದಕ್ಕೆ ಹಂದಿಯ ಕರುಳು ಸೇರಿಸುತ್ತಾರೆ, ಸಸ್ಯಾಹಾರಿಗಳು ಬಿಟ್ಟರೆ ನಷ್ಟವಿಲ್ಲ.

ಉಷ್ಣದ ತೇವದವರಿಗೆ ಬೂದುಗುಂಬಳ. ಸಿಪ್ಪೆಸಮೇತ ದೊಡ್ಡ ಹೋಳು ಮಾಡಿ, ಯಿಮಿ ಜತೆ ಒಂದು ಗಂಟೆ ಕುದಿಸಿದ ತೆಳುಸಾರು. ಗ್ವಾಂಗ್‌ಡಾಂಗ್‌ನ ಮನೆಗಳಲ್ಲಿ ಇದಕ್ಕೆ ಮಾಂಸದ ಎಲುಬು ಹಾಕಿ ಎರಡು-ಮೂರು ಗಂಟೆ ಕಾಯಿಸುತ್ತಾರೆ. ಗೌಟ್ ಇರುವವರು ಅಂಥ ಗಟ್ಟಿಸಾರಿನಿಂದ ದೂರವಿರಬೇಕು.

ಹೆಜ್ಜೆ 6: ಒತ್ತಿ, ನಡೆಯಿರಿ, ಬೆವರಿ

ಮೊಣಕಾಲು ಮಡಚಿ ಕೂತರೆ ಚಿಪ್ಪಿನ ಕೆಳಗೆ ಹೊರಬದಿಗೆ ಒಂದು ಗುಳಿ ಸಿಗುತ್ತದೆ. ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲ ಮೂಳೆಯಿಂದ ಒಂದು ಬೆರಳು ಹೊರಗೆ ಇರುವ ಬಿಂದು 'ಜುಸಾನ್‌ಲಿ'. ಜೀರ್ಣಕ್ಕೂ ಸುಸ್ತಿಗೂ ಅವರು ಮೊದಲು ಹಿಡಿಯುವ ಜಾಗ. ಇನ್ನೊಂದು 'ಯಿನ್‌ಲಿಂಗ್‌ಚುವಾನ್'. ಕಾಲಿನ ಒಳಬದಿಯಲ್ಲಿ ಮೂಳೆಯ ಹಿಂದಂಚಿಗೆ ಹೆಬ್ಬೆರಳು ಇಟ್ಟು ಮೇಲಕ್ಕೆ ಜಾರಿಸುತ್ತಾ ಹೋದರೆ ಮೊಣಕಾಲಿನ ಸ್ವಲ್ಪ ಕೆಳಗೆ ಮೂಳೆ ಬಾಗುವಲ್ಲಿ ಬೆರಳು ತಾನೇ ನಿಲ್ಲುತ್ತದೆ, ಅಲ್ಲಿ. ತೇವ ಇಳಿಸುವ ಬಿಂದು ಎಂದೇ ಅದರ ಖ್ಯಾತಿ. ಒಂದೊಂದನ್ನೂ ಹೆಬ್ಬೆರಳಿನಿಂದ ಎರಡು-ಮೂರು ನಿಮಿಷ, ಮಂದ ನೋವು-ಜೋಮು ಬರುವಷ್ಟು ಒತ್ತಿ. ಉಬ್ಬಿದ ರಕ್ತನಾಳ, ಗಾಯ, ಊತ ಇದ್ದರೆ ಬೇಡ. ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವ ಬಿಂದುವನ್ನೂ ಒತ್ತಬಾರದು.

ಇದಕ್ಕಿಂತ ಉಪಯುಕ್ತವಾದದ್ದು ಮೈ ಅಲುಗಿಸುವುದು. ಭಾರ ಅನ್ನಿಸಿದಾಗ ಮಲಗುವುದರಿಂದ ಭಾರ ಇಳಿಯದು ಎಂಬುದರಲ್ಲಿ ಚೀನೀ ವೈದ್ಯಕ್ಕೂ ನಮ್ಮ ಅಜ್ಜಿಯರಿಗೂ ಒಮ್ಮತ. ಅವರ 'ಬಾದುವಾನ್‌ಜಿನ್' ಎಂಟು ಭಂಗಿಗಳ ನಿಧಾನದ ವ್ಯಾಯಾಮ, ಪೂರ್ತಿ ಮಾಡಲು ಕಾಲು ಗಂಟೆಯೂ ಬೇಡ. ಅದರ ಮೂರನೆಯ ಭಂಗಿ ಗುಲ್ಮ-ಜಠರಕ್ಕೆ ಮೀಸಲು. ಕಾಲುಗಳನ್ನು ಭುಜದಗಲಕ್ಕೆ ಇಟ್ಟು ನಿಂತು, ಒಂದು ಅಂಗೈಯನ್ನು ತಲೆಯ ಮೇಲೆ ಆಕಾಶಕ್ಕೆ, ಇನ್ನೊಂದನ್ನು ಸೊಂಟದ ಪಕ್ಕದಲ್ಲಿ ನೆಲಕ್ಕೆ ಒತ್ತುತ್ತಾ ಪಕ್ಕೆಲುಬು ಹಿಗ್ಗುವಂತೆ ಚಾಚಿ, ಸಡಿಲಿಸಿ, ಕೈ ಬದಲಿಸಿ. ಬೆಳಿಗ್ಗೆ ಹೀಗೊಂದಿಷ್ಟು, ಸಂಜೆ ಮೂವತ್ತು ನಿಮಿಷದ ನಡಿಗೆ. ಬೆವರು ಮೂಡಬೇಕು, ಸುರಿಯಬಾರದು. ಬೆವರಿದ ಕೂಡಲೇ ಬಟ್ಟೆ ಬದಲಿಸಿ. ಒದ್ದೆ ಬಟ್ಟೆಯಲ್ಲಿ ಹವಾನಿಯಂತ್ರಕದ ಎದುರು ನಿಲ್ಲುವುದನ್ನು ಅವರು ಮಹಾಪರಾಧವೆಂದೇ ಭಾವಿಸುತ್ತಾರೆ.

ರಾತ್ರಿ ಶುಂಠಿ ಹಾಕಿದ ಬಿಸಿನೀರಿನಲ್ಲಿ ಕಾಲು ಇಟ್ಟುಕೊಳ್ಳುವುದು ಶೀತದ ತೇವದವರಿಗೆ ಹಿತ. ಸುಮಾರು 40 ಡಿಗ್ರಿ, ಹದಿನೈದು ನಿಮಿಷ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಇದನ್ನು ಮಾಡಲೇಬಾರದು, ಸುಟ್ಟದ್ದು ಗೊತ್ತೇ ಆಗುವುದಿಲ್ಲ.

ಮನೆಯನ್ನೂ ಮರೆಯಬೇಡಿ. ಗೋಡೆ ಬೆವರುವ ದಿನ ಗಾಳಿಯಾಡಲೆಂದು ಕಿಟಕಿ ತೆರೆದರೆ ಒಳಗೆ ಬರುವುದು ನೀರೇ. ಗ್ವಾಂಗ್‌ಝೌನವರು ಬೆಳಿಗ್ಗೆ, ಸಂಜೆ ಸಮುದ್ರದ ಕಡೆಯ ಕಿಟಕಿ ಮುಚ್ಚಿಡುತ್ತಾರೆ. ತೇವ ಹೀರುವ ಯಂತ್ರ ಅಥವಾ ಹವಾನಿಯಂತ್ರಕದ ಒಣಗಿಸುವ ವಿಧಾನದಲ್ಲಿ ಕೋಣೆಯ ಆರ್ದ್ರತೆ ಶೇ 50–60ಕ್ಕೆ ಬಂದರೆ ನಿದ್ದೆಗೆ ಸಿಗುವ ನೆಮ್ಮದಿ ಯಾವ ಕಷಾಯದಲ್ಲೂ ಸಿಗದು.

ಹೆಜ್ಜೆ 7: ಅಂಗಡಿಯ ಮದ್ದು, ಬಟ್ಟಲು, ಪಟ್ಟಿ

'ಲಿಯಾಂಗ್‌ಚಾ' ಎಂಬ ತಂಪಿನ ಕಷಾಯದಂಗಡಿಗಳು ಗ್ವಾಂಗ್‌ಡಾಂಗ್, ಹಾಂಗ್‌ಕಾಂಗ್, ಮಕಾವುಗಳ ಬೀದಿಯ ಭಾಗ. 2006ರಲ್ಲಿ ಚೀನಾ ಇದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಐದು ಹೂವಿನ ಕಷಾಯದಲ್ಲಿ ಹೆಚ್ಚಾಗಿ ಕೆಂಪು ಬೂರುಗದ ಹೂವೂ ಇರುತ್ತದೆ. ಅದು ಗ್ವಾಂಗ್‌ಝೌ ನಗರದ ಹೂವು. ವಸಂತದಲ್ಲಿ ರಸ್ತೆಗೆ ಉದುರಿದ್ದನ್ನು ಅಜ್ಜಿಯರು ಆಯ್ದು ಒಣಗಿಸುತ್ತಾರೆ. ಇವೆಲ್ಲ ಉಷ್ಣದ ತೇವಕ್ಕೆ ಮಾತ್ರ, ಅಪರೂಪಕ್ಕೊಂದು ಲೋಟ. ತಣ್ಣಗಿನ ಹೊಟ್ಟೆಯವರು, ಬಾಣಂತಿಯರು, ಮಕ್ಕಳು ಕುಡಿಯಬಾರದು. ಸುಸ್ತೆಂದು ದಿನಾ ಕುಡಿದು ಇನ್ನಷ್ಟು ಸುಸ್ತಾದವರನ್ನು ಅಲ್ಲಿನ ವೈದ್ಯರು ಚೆನ್ನಾಗಿ ಬಲ್ಲರು.

'ಹುವೋಶಿಯಾಂಗ್ ಝೆಂಗ್‌ಛಿ' ಬೇಸಿಗೆಯಲ್ಲಿ ಪ್ರತಿ ಚೀನೀ ಮನೆಯಲ್ಲೂ ಸಿಗುವ ಮದ್ದು. ಶೀತ ಹತ್ತಿ ವಾಂತಿ-ಭೇದಿಯಾದಾಗ ಒಂದೆರಡು ದಿನಕ್ಕೆ ಹೇಳಿದ್ದು, ತಿಂಗಳುಗಟ್ಟಲೆಯ ಆಯಾಸಕ್ಕಲ್ಲ. ಅದರ 'ಶುಯಿ' ಎಂಬ ದ್ರವರೂಪದಲ್ಲಿ ಶೇ 40–50 ಮದ್ಯಸಾರವಿದೆ. ಕುಡಿದು ಗಾಡಿ ಓಡಿಸುವಂತಿಲ್ಲ. ಸೆಫಲೋಸ್ಪೊರಿನ್ ಗುಂಪಿನ ಕೆಲವು ಆಂಟಿಬಯಾಟಿಕ್, ಮೆಟ್ರೋನಿಡಜೋಲ್ ಜತೆ ಸೇರಿದರೆ ಅಪಾಯಕರ ಪ್ರತಿಕ್ರಿಯೆ ಆಗಬಹುದು. ಬಿಸಿಲಾಘಾತವಾಗಿ ಮೈ ಕೆಂಡವಾದವರಿಗೆ ಇದನ್ನು ಕುಡಿಸುತ್ತಾ ಕೂರದೆ ಮೈಗೆ ನೀರು ಹಾಕಿ ಆಸ್ಪತ್ರೆಗೆ ಸಾಗಿಸಬೇಕು.

ಬಟ್ಟಲು ಹಾಕಿಸಿಕೊಂಡಾಗ ಏಳುವ ನೀರುಗುಳ್ಳೆ 'ಹೊರಬಂದ ತೇವ' ಎಂದರೆ ನಂಬಬೇಡಿ. ಹೊತ್ತು ಹೆಚ್ಚಾಗಿ ಚರ್ಮ ಗಾಯವಾಗಿದೆ ಅಷ್ಟೇ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಬಟ್ಟಲಿನ ಹತ್ತಿರವೂ ಹೋಗಬಾರದು. ಅಂಗಾಲಿನ ಪಟ್ಟಿ ಬೆಳಿಗ್ಗೆ ಕಪ್ಪಾಗುವುದೂ ಇಂಥದ್ದೇ ಕಣ್ಕಟ್ಟು. ಹೊಸ ಪಟ್ಟಿಯ ಮೇಲೆ ನಲ್ಲಿನೀರು ಚಿಮುಕಿಸಿ ನೋಡಿ, ಕಾಲಿಲ್ಲದೆಯೂ ಕಪ್ಪಾಗುತ್ತದೆ.

ಕೊನೆಗೆ, ಬೇರು-ಪುಡಿಗಳ ವಿಚಾರ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಮಾತ್ರೆ ನುಂಗಿದ ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಹಾಳಾಯಿತು. ಮಾತ್ರೆಯಲ್ಲಿ ಇರಬೇಕಾದದ್ದು 'ಫಾಂಗ್‌ಜಿ', ಮೈಯ ನೀರು ಇಳಿಸುವ, ತೇವಕ್ಕೇ ಹೆಸರಾದ ಬೇರು. ಅದರ ಜಾಗಕ್ಕೆ ಹೆಸರಿನಲ್ಲಿ ನೆಂಟನಾದ 'ಗ್ವಾಂಗ್ ಫಾಂಗ್‌ಜಿ' ಬಂದಿತ್ತು, ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೊಲ್ಲುತ್ತದೆ, ಕ್ಯಾನ್ಸರ್ ತರುತ್ತದೆ. ಆದ್ದರಿಂದ ಅಂತರ್ಜಾಲದಲ್ಲಿ ಕೊಳ್ಳುವ ಹೆಸರಿಲ್ಲದ ಪುಡಿ, 'ತೇವ ತೆಗೆಯುವ' ಗುಳಿಗೆ ಬೇಡವೇ ಬೇಡ. ಜ್ಯೇಷ್ಠಮಧು ಇರುವ ಮದ್ದು ಹೆಚ್ಚು ದಿನ ತೆಗೆದುಕೊಂಡರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ ಎಂಬುದೂ ನೆನಪಿರಲಿ. ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಚೀನೀ ವೈದ್ಯರಿಗೆ ಸರ್ಕಾರಿ ನೋಂದಣಿ ಕಡ್ಡಾಯ, ಪಟ್ಟಿ ಸಾರ್ವಜನಿಕವಾಗಿಯೇ ಇದೆ. ಹೆಸರು ನೋಡಿಕೊಂಡು ಹೋಗಿ, ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿ ಕೊಂಡೊಯ್ಯಿರಿ, ಬರೆದುಕೊಟ್ಟ ಪ್ರತಿ ಮೂಲಿಕೆಯ ಹೆಸರು ಕೇಳಿ ಬರೆಸಿಕೊಳ್ಳಿ. ಹೆಸರು ಹೇಳಲು ಒಲ್ಲದ ಕಡೆ ದುಡ್ಡು ಕೊಡಬೇಡಿ.

ಎಷ್ಟು ದಿನ?

ಪಥ್ಯ ಮತ್ತು ನಡಿಗೆಯ ಮೊದಲ ವಾರ, ಅದರ ಮೇಲೆ ಯಿಮಿ-ಗಂಜಿಯ ಎರಡು ವಾರ. ಅಷ್ಟರಲ್ಲಿ ಬೆಳಗಿನ ಭಾರ ಇಳಿದು, ನಾಲಿಗೆಯ ಪದರ ತೆಳುವಾಗಿದ್ದರೆ ಯಿಮಿ ನಿಲ್ಲಿಸಿ, ಪಥ್ಯ ಉಳಿಸಿಕೊಳ್ಳಿ. ನಾಲಿಗೆ ಒಣಗಿ, ಬಾಯಾರಿ, ಮಲ ಗಟ್ಟಿಯಾಗುತ್ತಿದ್ದರೆ ತೆಗೆಯಬೇಕಾದ್ದಕ್ಕಿಂತ ಹೆಚ್ಚು ನೀರು ತೆಗೆದಿದ್ದೀರಿ, ಆಗಲೂ ನಿಲ್ಲಿಸಿ. ಏನೂ ಬದಲಾಗದಿದ್ದರೆ ಮೂರನೆಯ ಪೊಟ್ಟಣ ಕೊಳ್ಳುವ ಬದಲು ಆ ದುಡ್ಡಿನಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ.